ಮುಂಬಾಗಿಲು ತೆರೆದಿದೆ

ಇಪ್ಪತ್ತೆರಡು ವರ್ಷಗಳಿಂದ ನಾನು ಹೆದರಿಕೆ ಮಾರಿ ಹೊಟ್ಟೆ ಹೊರೆಯುತ್ತಿದ್ದೇನೆ. ಹೀಗೆಂದ ಕೂಡಲೇ ನನ್ನನ್ನು ಮಾಟಮಂತ್ರದವನೆಂದು ತಿಳಿಯಬೇಡಿ. ನಾನು ವಿಮಾ ಏಜೆಂಟ. ಚೆನ್ನಾಗಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ನೆಮ್ಮದಿಯಿಂದ ಕುಳಿತ ಮನುಷ್ಯನ ಪಕ್ಕದಲ್ಲಿ ಹೋಗಿ ಕೂತು, ‘ಎಲ್ಲಾ ಛಲೋ ಐತ್ರಿ. ಆದ್ರ ನಾಳೆ ಏನರ ಹೆಚ್ಚುಕಡಿಮಿ ಆದ್ರ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿ ಅವನ ಬಾಯಲ್ಲಿದ್ದ ಎಲೆಯನ್ನು ಕಹಿ ಮಾಡುವುದು ನನ್ನ ಕಸುಬು. ಬ್ಯಾಡಗಿಯ ಜನ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಎಲ್ಲರಿಗೂ ನಾನು ‘ಏಜೆಂಟ್ರು’. ನಾನು ಎದುರಿಗೆ ಬಂದರೆ ಕೆಲವರು ರಸ್ತೆ ದಾಟಿ ಆ ಕಡೆಗೆ ಹೋಗುತ್ತಾರೆ. ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಜಾಗ ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ. ಇದರ ಬಗ್ಗೆ ನನಗೆ ಬೇಸರವೇನೂ ಇಲ್ಲ, ಕೈ ಆಡಿಸಿ ಉಣ್ಣಲು ಜಾಗ ಸಿಗುತ್ತದೆ. ಆದರೆ ಇಷ್ಟೆಲ್ಲ ಅನುಭವವಿದ್ದ ನಾನು ಒಂದು ದಿನ ಬೇರೊಬ್ಬನ ಹತ್ತಿರ ಹೆದರಿಕೆಯನ್ನು ಕೊಂಡು ಮನೆಗೆ ತಂದೆನಲ್ಲ, ಅದನ್ನು ಹೇಳಿಕೊಳ್ಳಲು ಮಾತ್ರ ಸ್ವಲ್ಪ ನಾಚಿಕೆಯಾಗುತ್ತದೆ.

ಮಾರಿದವನು ಮಂಜುನಾಥ. ರಾಣೇಬೆನ್ನೂರಿನಲ್ಲಿ ಕ್ಯಾಮೆರಾ, ಅಲಾರಂ ಇಂಥವುಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಅವನಿಗೊಂದು ಪಾಲಿಸಿ ಮಾಡಿಸೋಣವೆಂದು ನಾನೇ ಅವನ ಅಂಗಡಿಗೆ ಹೋಗಿದ್ದೆ. ನಾನು ಹೇಳಿದ್ದನ್ನೆಲ್ಲ ಅವನು ಗಲ್ಲಕ್ಕೆ ಕೈ ಕೊಟ್ಟು ಕೇಳಿದ. ಕೇಳಿ ಮುಗಿಸಿ, ಚಹಾ ತರಿಸಿ, ‘ಏಜೆಂಟ್ರ, ನೀವು ಹಗಲೆಲ್ಲ ಹಾವೇರಿ, ರಾಣೇಬೆನ್ನೂರ ಅಂತ ಅಡ್ಡಾಡ್ತೀರಿ. ಅಕ್ಕಾರು ಸಾಲಿಗೆ ಕಾಗಿನೆಲಿಗೆ ಹೋಗ್ತಾರ. ಮನ್ಯಾಗ ಯಾರೂ ಇರೂದಿಲ್ಲ. ಎಲ್ಲಾ ಛಲೋ ಐತ್ರಿ, ಆದ್ರ ನಾಳೆ ಏನರ ಹೆಚ್ಚುಕಡಿಮಿ ಆದ್ರ?’ ಎಂದ. ನನ್ನದೇ ಮಾತು, ನನ್ನದೇ ಧಾಟಿ, ಕೊನೆಯಲ್ಲಿ ನಾನು ಬಿಡುವಂಥದೇ ನಿಟ್ಟುಸಿರು. ಇಪ್ಪತ್ತೆರಡು ವರ್ಷ ಈ ಪ್ರಶ್ನೆಯನ್ನು ಕೇಳಿಸಿಕೊಂಡವರಿಗೆ ಏನಾಗುತ್ತಿತ್ತು ಎಂದು ನನಗೆ ಆವತ್ತು ತಿಳಿಯಿತು. ಅವನು ಪಾಲಿಸಿಯ ಫಾರ್ಮಿಗೆ ಸಹಿ ಹಾಕಿದ, ನಾನು ತಂತಿಯಿಲ್ಲದ ಕಳ್ಳರ ಅಲಾರಂ ಒಂದನ್ನು ಬುಕ್ ಮಾಡಿ ಬಂದೆ.

ಸಂಕ್ರಾಂತಿ ಕಳೆದ ಮೇಲೆ ಮಂಜುನಾಥನೇ ಬಂದು ಅದನ್ನು ಕೂರಿಸಿಕೊಟ್ಟ. ನಡುಮನೆಯಲ್ಲಿ ಒಂದು ಬಿಳಿ ಪೆಟ್ಟಿಗೆ. ಕೂಗುವುದು ಅದರ ಕೆಲಸ. ನಮ್ಮ ಮನೆಗೆ ಇರುವುದು ಎರಡೇ ಬಾಗಿಲು, ಮುಂದಿನದೊಂದು, ಮಾಳಿಗೆಗೆ ಹೋಗುವುದೊಂದು. ಎರಡಕ್ಕೂ ಬೆಂಕಿಪೊಟ್ಟಣದಂಥ ಒಂದೊಂದು ಜೋಡಿ ತುಂಡು. ಜೋಡಿಯಲ್ಲಿ ಒಂದು ಬಾಗಿಲ ಚೌಕಟ್ಟಿಗೆ, ಇನ್ನೊಂದು ಕದಕ್ಕೆ. ಎರಡೂ ಅಕ್ಕಪಕ್ಕ ಅಂಟಿಕೊಂಡಿರುವ ತನಕ ಮನೆ ಶಾಂತ. ಒಂದನ್ನೊಂದು ಬಿಟ್ಟು ದೂರ ಸರಿದವೋ, ಇಡೀ ಓಣಿಗೆ ಸುದ್ದಿ. ‘ಗಂಡ ಹೆಂಡತಿ ಇದ್ದಂಗ ಅದಾವ ನೋಡ್ರಿ,’ ಎಂದಳು ಕಾಗಿನೆಲೆಯ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಸುನಂದಾ. ಪೆಟ್ಟಿಗೆ ಕೂಗಿದರೆ ಯಾವ ಬಾಗಿಲು ತೆರೆಯಿತೆಂದು ನನ್ನ ಮೊಬೈಲಿಗೂ ಸಂದೇಶ ಬರುತ್ತದೆ. ಬೀಗ ಹಾಕಿ ಹೋಗುವಾಗ ಮೊಬೈಲಿನಿಂದಲೇ ಅದನ್ನು ಚಾಲೂ ಮಾಡಬೇಕು, ಬಂದಾಗ ಬಂದ್ ಮಾಡಬೇಕು. ಗುರುತು ಸಿಗಲಿ ಎಂದು ಮಂಜುನಾಥ ತುಂಡುಗಳ ಮೇಲೆ ಸ್ಕೆಚ್ ಪೆನ್ನಿನಿಂದ ಒಂದಕ್ಕೆ ‘ಮುಂದ’, ಇನ್ನೊಂದಕ್ಕೆ ‘ಮ್ಯಾಲ’ ಎಂದು ಬರೆದು ಹೋದ.

ಈಗ ಗಂಗಕ್ಕನವರ ವಿಷಯ ಹೇಳಬೇಕು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು. ಅವರ ಯಜಮಾನರು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಸುಗ್ಗಿ ಶುರುವಾದರೆ ಗಂಗಕ್ಕ ತಮ್ಮ ಮನೆಯ ಕಟ್ಟೆಯ ಮೇಲೆ ಬಿದಿರಿನ ಪುಟ್ಟಿಗಟ್ಟಲೆ ಮೆಣಸಿನಕಾಯಿ ಸುರುವಿಕೊಂಡು ತೊಟ್ಟು ಬಿಡಿಸುತ್ತ ಕೂಡುತ್ತಾರೆ. ಕೈ ತೊಟ್ಟಿನ ಮೇಲೆ, ಕಣ್ಣು ಓಣಿಯ ಮೇಲೆ. ಹದಿನಾಲ್ಕು ವರ್ಷದ ಹಿಂದೆ ನಾವು ಈ ಮನೆಗೆ ಬಂದ ಎರಡನೆಯ ದಿನವೇ ತಮ್ಮ ಮನೆಯ ಚಾವಿಯೊಂದಕ್ಕೆ ಕೆಂಪು ದಾರ ಕಟ್ಟಿ ಸುನಂದಾಳ ಕೈಗೆ ಕೊಟ್ಟು, ‘ಇರಲೆವ್ವಾ, ಯಾವಾಗರ ಬೇಕಾಗತೈತಿ’ ಎಂದು ನಮ್ಮದೊಂದನ್ನು ಇಸಿದುಕೊಂಡು ತಮ್ಮ ಅಡುಗೆಮನೆಯ ಮೊಳೆಗೆ ತೂಗುಹಾಕಿದವರು. ನಾನು ಪೆನ್ನು ಮರೆತು ಹೋದಾಗ, ಗ್ಯಾಸಿನವನು ಬಂದಾಗ, ಸುನಂದಾ ಒಲೆ ಆರಿಸಿದೆನೋ ಇಲ್ಲವೋ ಎಂದು ಕಾಗಿನೆಲೆಯ ಬಸ್ಸಿನಲ್ಲಿ ಕುಳಿತು ಬೆವರಿದಾಗ, ಎಲ್ಲಕ್ಕೂ ಗಂಗಕ್ಕನೇ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಈ ಊರಿನಲ್ಲಿ ನನ್ನನ್ನು ಏಜೆಂಟ್ರು ಎನ್ನದೆ ‘ತಮ್ಮಾ’ ಎನ್ನುವವರು ಅವರೊಬ್ಬರೇ. ಅಲಾರಂ ಬಂದ ದಿನ ಅದು ಕೂಗುವುದನ್ನು ಕೇಳಿ ಎರಡೂ ಕಿವಿ ಮುಚ್ಚಿಕೊಂಡು, ‘ಯಾಕೋ ತಮ್ಮಾ, ನಾ ಒದರೂದು ಸಾಲವಲ್ದಾಗಿತ್ತೇನು?’ ಎಂದು ನಕ್ಕಿದ್ದರು.

ಒಂದು ತಿಂಗಳು ಪೆಟ್ಟಿಗೆ ತೆಪ್ಪಗಿತ್ತು. ಆಮೇಲೆ ಶಿವರಾತ್ರಿ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆ ಎಂದರೆ ಗಾಡಿಗೆ, ಅಂಗಡಿಗೆ, ತಕ್ಕಡಿಗೆ, ಹಿಟ್ಟಿನ ಗಿರಣಿಗೆ ಪೂಜೆ ತಪ್ಪಿದ್ದಲ್ಲ. ನಾನು ಪ್ರತಿ ಅಮಾವಾಸ್ಯೆಗೆ ಬೈಕಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇನೆ, ನನ್ನ ಚರ್ಮದ ಬ್ಯಾಗಿಗೂ ಕುಂಕುಮ ಹಚ್ಚುತ್ತೇನೆ. ಅದು ಒಳಗಿನ ಫಾರ್ಮುಗಳಿಗೂ ತಾಗಿ ‘ಇದೇನ್ರಿ, ಇನ್ನೂ ಸಹಿ ಮಾಡಿಲ್ಲ, ಆಗಲೇ ಹಣಿಗೆ ಕುಂಕುಮ ಹಚ್ಚೀರಿ’ ಎಂದು ಗಿರಾಕಿಗಳು ಗಾಬರಿಯಾದದ್ದೂ ಉಂಟು. ಈ ಸಲ ಹೊಸ ಅಲಾರಂ ಇರುವಾಗ ಅದಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ? ‘ಪೆಟಗಿಗೆ ಎರಡು ಬಟ್ಟು ಕುಂಕುಮ ಹಚ್ರಿ ಸಾಕು,’ ಎಂದಳು ಸುನಂದಾ. ಆದರೆ ಪೂಜೆ ಅರ್ಧಂಬರ್ಧ ಆಗುವುದು ನನಗೆ ಸೇರುವುದಿಲ್ಲ. ಸ್ಟೂಲು ಹತ್ತಿ ಎರಡೂ ಬಾಗಿಲಿನ ತುಂಡುಗಳನ್ನು ಚಾಕುವಿನಿಂದ ಹುಷಾರಾಗಿ ಎಬ್ಬಿಸಿ ತಂದು, ಒಂದು ತಾಟಿನಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಅಡ್ಡ ವಿಭೂತಿ, ನಡುವೆ ಕುಂಕುಮ, ಮೇಲೊಂದು ಹೂವು. ಪೆಟ್ಟಿಗೆಗೆ ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಯ ಸರ ಕಟ್ಟಿದೆ. ಕಾಯಿ ಒಡೆದೆ. ಪೂಜೆಯಾದ ಮೇಲೆ ಎರಡೂ ಬದಿ ಅಂಟಿರುವ ಹೊಸ ಟೇಪು ತಂದು ತುಂಡುಗಳನ್ನು ಮೊದಲಿದ್ದ ಜಾಗಕ್ಕೇ ಅಂಟಿಸಿದೆ. ಮೊದಲಿದ್ದ ಜಾಗ ಎಂದು ನಾನು ಆಗ ತಿಳಿದಿದ್ದೆ.

ಮೂರನೆಯ ದಿನ ಹನ್ನೊಂದೂವರೆಗೆ ನಾನು ರಾಣೇಬೆನ್ನೂರಿನಲ್ಲಿ ಒಬ್ಬ ಗೊಬ್ಬರದ ವ್ಯಾಪಾರಿಯ ಮುಂದೆ ಕುಳಿತು, ಇನ್ನೇನು ಅವರ ಮುಖದ ಮೇಲೆ ಚಿಂತೆ ಮೂಡಬೇಕು, ಅಷ್ಟರಲ್ಲಿ ನನ್ನ ಕಿಸೆಯೊಳಗಿನ ಮೊಬೈಲು ಗಡಗಡ ನಡುಗಿತು. ‘ಮುಂಬಾಗಿಲು ತೆರೆದಿದೆ.’ ನನ್ನ ಮುಖ ನೋಡಿ ವ್ಯಾಪಾರಿಗಳೇ ನೀರು ತರಿಸಿದರು. ಗಂಗಕ್ಕನಿಗೆ ಫೋನು ಹಚ್ಚಿದೆ. ಅವರ ದನಿಯ ಹಿಂದೆ ನಮ್ಮ ಪೆಟ್ಟಿಗೆ ಒದರುವುದು ಫೋನಿನಲ್ಲೇ ಕೇಳುತ್ತಿತ್ತು. ‘ಗಂಗಕ್ಕ, ಲಗೂನ ಮುಂದಿನ ಬಾಗ್ಲ ನೋಡ್ರಿ, ಯಾರರ ಬಂದಾರೇನು?’ ಎಂದೆ. ‘ಮುಂದಿನ ಬಾಗ್ಲದ ಎದುರಿಗೇ ಕುಂತೇನೋ ತಮ್ಮಾ. ಹಾಕಿದ ಕೀಲಿ ಹಾಕಿದಂಗ ಐತಿ. ಒಂದು ನರಪಿಳ್ಳೆ ಬಂದಿಲ್ಲ,’ ಎಂದರು. ಮೂರು ನಿಮಿಷ ಕೂಗಿ ಪೆಟ್ಟಿಗೆ ತಾನೇ ಸುಮ್ಮನಾಯಿತು. ಮರುದಿನ ಹನ್ನೊಂದೂವರೆಗೆ ಮತ್ತೆ ಅದೇ. ಅದರ ಮರುದಿನವೂ ಅದೇ. ‘ಮುಂಬಾಗಿಲು ತೆರೆದಿದೆ.’ ದಿನಾ ನಾನು ಗಂಗಕ್ಕನಿಗೆ ಫೋನು ಹಚ್ಚುವುದು, ಅವರು ಮುಂದಿನ ಬಾಗಿಲನ್ನು ನೋಡಿ ಬೀಗ ಹಾಗೇ ಇದೆ ಎನ್ನುವುದು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಹದಿನೈದು ನಿಮಿಷ ನನ್ನ ಕರೆ ಅವರಿಗೆ ಬಹಳ ಮುಖ್ಯ ಎಂದು ಹಾಡಿನ ನಡುವೆ ಹೇಳಿದ ಮೇಲೆ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಸಿಕ್ಕಳು. ‘ಸರ್, ಮನೇಲಿ ಸಾಕುಪ್ರಾಣಿ ಏನಾದ್ರೂ ಇದ್ಯಾ ಸರ್?’

‘ಸಾಕಿದ್ದು ಯಾವುದೂ ಇಲ್ರಿ. ತಾವ ಬಂದು ಇರೂ ಹಲ್ಲಿ ಮೂರ್ನಾಕು ಅದಾವು.’

‘ಅವುಗಳ ತೂಕ ಎಷ್ಟು ಸರ್? ಹದಿನೈದು ಕೆಜಿಗಿಂತ ಕಡಿಮೆ ಇದ್ಯಾ?’

‘ಕಡಿಮಿನ ಇರಬೇಕ್ರಿ,’ ಎಂದೆ. ಅವಳು ಬರೆದುಕೊಂಡಳು. ಪಾಪ, ಅವಳ ಮುಂದಿದ್ದ ಪಟ್ಟಿಯಲ್ಲಿ ಹಾಗೆ ಕೇಳಬೇಕೆಂದು ಇತ್ತು. ನಾನೂ ಎಪ್ಪತ್ತರ ಅಜ್ಜನಿಗೆ ‘ನೀವು ಗರ್ಭಿಣಿಯೇ?’ ಎಂಬ ಜಾಗದಲ್ಲಿ ಇಲ್ಲ ಎಂದು ಬರೆಸಿದವನೇ. ಅವಳು ಹೇಳಿದಂತೆ ಬ್ಯಾಟರಿ ಬದಲಿಸಿದೆ. ಪೆಟ್ಟಿಗೆಯ ಸುತ್ತ ಲೋಹದ ಸಾಮಾನು ಇರಬಾರದೆಂದು ನಡುಮನೆಯ ಕಪಾಟಿನಲ್ಲಿದ್ದ ಸ್ಟೀಲಿನ ಡಬ್ಬಿಗಳನ್ನೆಲ್ಲ ಮಂಚದ ಕೆಳಗೆ ಸೇರಿಸಿದೆ. ಸುನಂದಾ ಎರಡು ದಿನ ಸಕ್ಕರೆ ಇಲ್ಲದ ಚಹಾ ಕೊಟ್ಟಳು. ಪೆಟ್ಟಿಗೆಯ ಹಿಂದಿನ ತೂತಿನಲ್ಲಿ ಪಿನ್ನು ಹಾಕಿ ಹತ್ತು ಎಣಿಸಬೇಕೆಂದು ಸಹಾಯವಾಣಿಯವಳು ಹೇಳಿದ್ದಳು. ಏಳಕ್ಕೇ ಅದು ಕಿವಿಯ ಬುಡದಲ್ಲಿ ಒದರಿ, ಎಂಟು ಒಂಬತ್ತು ಹತ್ತನ್ನು ನಾನು ನೆಲದ ಮೇಲೆ ಕುಳಿತು ಎಣಿಸಿದೆ.

ಕೊನೆಗೆ ರಾಣೇಬೆನ್ನೂರಿನಿಂದ ಮಂಜುನಾಥನೇ ಬಂದ. ಬಂದವನೇ ಮುಂಬಾಗಿಲನ್ನು ದಡಾರನೆ ತೆರೆದ. ಪೆಟ್ಟಿಗೆ ಒದರಿತು. ‘ವರ್ಕಿಂಗ್ ಐತಲ್ರಿ! ನಿಮ್ಮ ಮೊಬೈಲಿಗೆ ಮೆಸೇಜ್ ಬಂತ್ರಿ?’ ಎಂದ. ಕಿಸೆಯಲ್ಲಿ ಮೊಬೈಲು ನಡುಗಿತ್ತು. ‘ಬಂತು,’ ಎಂದೆ. ಏನು ಬಂತು ಎಂದು ಅವನು ಕೇಳಲಿಲ್ಲ, ನಾನೂ ತೆಗೆದು ಓದಲಿಲ್ಲ. ಯಾಕೆಂದರೆ ಅವನ ತಮ್ಮನಿಗೂ ಒಂದು ಪಾಲಿಸಿ ಏಕೆ ಬೇಕು ಎಂದು ನಾನು ವಿವರಿಸುತ್ತಿದ್ದೆ, ನಮ್ಮ ಹಿತ್ತಲಿಗೊಂದು ಕ್ಯಾಮೆರಾ ಏಕೆ ಬೇಕು ಎಂದು ಅವನು ವಿವರಿಸುತ್ತಿದ್ದ. ನಮಗೆ ಹಿತ್ತಲೇ ಇಲ್ಲ. ಮಂಡಕ್ಕಿ ತಿಂದು, ಚಹಾ ಕುಡಿದು, ‘ಮಶೀನು ಖರೇನ ಛಲೋ ಐತ್ರಿ. ಯಾರೋ ಬಾಗ್ಲ ತಗ್ಯಾಕತ್ತಾರ, ಅದು ಒದರಾಕತ್ತೈತಿ,’ ಎಂದು ಹೇಳಿ ಹೋದ.

ಯಾರೋ ಬಾಗಿಲು ತೆಗೆಯುತ್ತಿದ್ದಾರೆ. ಈ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿತು. ಬೀಗ ಮುರಿದಿಲ್ಲ, ಅಂದರೆ ಚಾವಿಯಿಂದಲೇ ತೆಗೆಯುತ್ತಿದ್ದಾರೆ. ಚಾವಿ ಇರುವುದು ಮೂರು. ಒಂದು ನನ್ನ ಹತ್ತಿರ, ಒಂದು ಸುನಂದಾಳ ಹತ್ತಿರ, ಮೂರನೆಯದು... ಛೆ ಎಂದುಕೊಂಡೆ. ಆದರೆ ಅದೇ ವಾರ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ವರ್ಷದ ಖಾರಪುಡಿಗೆಂದು ತಂದ ಮೆಣಸಿನಕಾಯಿಯನ್ನು ಸುನಂದಾ ಮಾಳಿಗೆಯ ಮೇಲೆ ಒಣಹಾಕಿದ್ದಳು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹರವಿ ಬರುವುದು, ಸಂಜೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುವುದು. ದಿನದಿಂದ ದಿನಕ್ಕೆ ಆ ಗುಡ್ಡೆ ಸಣ್ಣದಾಗುತ್ತಿತ್ತು! ಮೊದಲ ದಿನ ನನ್ನ ಮೊಣಕಾಲಿಗೆ ಬರುತ್ತಿದ್ದದ್ದು ಈಗ ಮೀನಖಂಡಕ್ಕಿಂತ ಕೆಳಗೆ ಇಳಿದಿತ್ತು. ಹಸಿ ಮೆಣಸಿನಕಾಯಿ ಬಿಸಿಲಿಗೆ ಬಿದ್ದರೆ ಕುಗ್ಗುತ್ತದೆ ಎಂಬುದು ಬ್ಯಾಡಗಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅನುಮಾನ ಬಂದವನಿಗೆ ಗೊತ್ತಿದ್ದದ್ದು ನೆನಪಾಗುವುದಿಲ್ಲ. ಹಗಲೆಲ್ಲ ಮೆಣಸಿನಕಾಯಿಯ ರಾಶಿಯ ನಡುವೆ ಕೂಡುವ ಹೆಣ್ಣುಮಗಳು ನಮ್ಮ ಅರ್ಧ ಚೀಲದ ಮೇಲೆ ಕಣ್ಣು ಹಾಕಿದ್ದಾರೆಂದು ನಾನು, ತಲೆ ನೆಟ್ಟಗಿರುವ ಮನುಷ್ಯ, ಲೆಕ್ಕ ಹಾಕಿದೆ.

ಸೋಮವಾರ ಸಂಜೆ ಸುನಂದಾ ಬರುವ ಮುಂಚೆ ಗಂಗಕ್ಕನ ಕಟ್ಟೆಗೆ ಹೋಗಿ ನಿಂತೆ. ಗಿರಾಕಿಗಳ ಮುಂದೆ ಅರಳು ಹುರಿದಂತೆ ಮಾತಾಡುವ ನನ್ನ ನಾಲಿಗೆ ಆವತ್ತು ತೊದಲಿತು. ‘ಅಲ್ಲ ಗಂಗಕ್ಕ, ಮುಂದಿನ ಬಾಗ್ಲದ ಕೀಲಿ ಬದಲಿ ಮಾಡಸೂಣು ಅಂತ ವಿಚಾರ ಮಾಡೇವಿ. ನಿಮ್ಮ ಹತ್ತರ ಇರೂ ಚಾವಿ ಕೊಟ್ರ...’

ಗಂಗಕ್ಕನ ಬೆರಳು ತೊಟ್ಟಿನ ಮೇಲೆಯೇ ನಿಂತಿತು. ‘ಹೊಸಾ ಕೀಲಿ ಹಾಕಿದ ಮ್ಯಾಲ ಹಳೇ ಚಾವಿ ಇಸಗೊಂಡು ಏನ್ ಮಾಡ್ತೀಯೋ ತಮ್ಮಾ?’

‘ಹಂಗಲ್ಲ, ಏನರ ಹೆಚ್ಚುಕಡಿಮಿ...’ ಎಂದು ಏನೋ ಗೊಣಗಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಎದ್ದು ಒಳಗೆ ಹೋಗಿ, ಮೊಳೆಯ ಮೇಲಿನ ಚಾವಿ ತಂದು, ಸೆರಗಿನಿಂದ ಒರೆಸಿ, ‘ತಗೋರಿ, ಏಜೆಂಟ್ರ,’ ಎಂದರು. ಹದಿನಾಲ್ಕು ವರ್ಷ ತಮ್ಮನಾಗಿದ್ದವನು ಒಂದು ನಿಮಿಷದಲ್ಲಿ ಏಜೆಂಟನಾದೆ. ಚಾವಿ ತೆಗೆದುಕೊಂಡು ಮನೆಗೆ ಬಂದು, ಮನೆ ಈಗ ಭದ್ರವಾಯಿತು ಎಂದು ನನಗೆ ನಾನೇ ಪಾಲಿಸಿ ಮಾರಿಕೊಂಡೆ.

ಸಂಜೆ ಸುನಂದಾ ಬರುವಾಗ ನಮ್ಮ ಹೊಸ್ತಿಲ ಮೇಲೆ ನಮ್ಮದೇ ಒಂದು ಬಟ್ಟಲು ಇತ್ತು. ಶನಿವಾರ ಅದರಲ್ಲಿ ಅವಳು ಗಂಗಕ್ಕನಿಗೆ ಪಾಯಸ ಕಳಿಸಿದ್ದಳು. ತೊಳೆದು, ಒರೆಸಿ, ಬೋರಲು ಇಟ್ಟಿದ್ದರು. ನಮ್ಮ ಎರಡು ಮನೆಗಳ ನಡುವೆ ಬಟ್ಟಲು ಯಾವತ್ತೂ ಖಾಲಿ ಮರಳಿದ್ದಿಲ್ಲ. ಏನೂ ಇಲ್ಲವೆಂದರೆ ನಾಲ್ಕು ಕಾಳು ಸಕ್ಕರೆಯಾದರೂ ಇರುತ್ತಿತ್ತು. ‘ಗಂಗಕ್ಕ ಖಾಲಿ ಬಟ್ಲಾ ಇಟ್ಟು ಹೋಗ್ಯಾರ. ಏನಾತ್ರಿ?’ ಎಂದು ಸುನಂದಾ ಕೇಳಿದಳು. ‘ಏನಾಗೂದೈತಿ? ಗಡಿಬಿಡಿ ಇರಬೇಕು,’ ಎಂದು ನಾನು ಪೇಪರು ಹಿಡಿದುಕೊಂಡೆ.

ಮರುದಿನ ಹಾವೇರಿಯ ಶಾಖೆಯಲ್ಲಿ ನಮ್ಮ ಮೀಟಿಂಗು. ಹನ್ನೊಂದೂವರೆಗೆ ಸರಿಯಾಗಿ ಕಿಸೆ ನಡುಗಿತು. ‘ಮುಂಬಾಗಿಲು ತೆರೆದಿದೆ.’ ನಾನು ಕಿಸೆಗೆ ಕೈ ಹಾಕಿದೆ. ನನ್ನ ಚಾವಿ ಇತ್ತು. ಬ್ಯಾಗಿನಲ್ಲಿ ಗಂಗಕ್ಕ ಕೊಟ್ಟ ಚಾವಿ ಇತ್ತು. ಹೊರಗೆ ಬಂದು ಕಾಗಿನೆಲೆಯ ಶಾಲೆಗೆ ಫೋನು ಮಾಡಿ ಸುನಂದಾಳನ್ನು ಪಾಠದ ನಡುವಿನಿಂದ ಕರೆಸಿದೆ.

‘ನಿನ್ನ ಚಾವಿ ಎಲ್ಲೈತಿ?’

‘ನನ್ನ ಪರ್ಸಿನ್ಯಾಗ ಐತಿ. ಯಾಕ? ಗಂಗಕ್ಕನ ಹತ್ತರ ಒಂದು ಐತಲ್ಲ.’

‘ಅದು ನನ್ನ ಹತ್ತರ ಐತಿ.’

‘ನಿಮ್ಮ ಹತ್ತರ ಯಾಕೈತಿ?’

‘ನಿನ್ನೆ ಇಸಗೊಂಡೆ,’ ಎಂದೆ. ಆ ಕಡೆ ಮೂರನೆಯ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಸಂಜೆ ಮಾತಾಡೋಣ ಎಂದು ಅವಳು ಫೋನು ಇಟ್ಟಳು. ಮೂರೂ ಚಾವಿ ನಮ್ಮ ಕೈಯಲ್ಲೇ ಇವೆ, ಮುಂಬಾಗಿಲು ತೆರೆದಿದೆ! ಅಂದರೆ ಗಂಗಕ್ಕ ಅಲ್ಲ. ಎಂದೂ ಅಲ್ಲ. ಅಭ್ಯಾಸಬಲದಿಂದ ಅವರಿಗೇ ಫೋನು ಹಚ್ಚಲು ಹೋದೆ. ಹೆಬ್ಬೆರಳು ಅವರ ಹೆಸರಿನ ಮೇಲೆ ಹೋಗಿ ನಿಂತಿತು. ಯಾವ ಮುಖ ಹೊತ್ತು ಹಚ್ಚಲಿ? ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮನೆಗೆ ಖರೇನೇ ಯಾರೂ ಕಾವಲಿಲ್ಲ ಎನಿಸಿ ಹೆದರಿಕೆಯಾಯಿತು. ಮೀಟಿಂಗು ಬಿಟ್ಟು ಬೈಕು ಹತ್ತಿದೆ.

ಓಣಿಗೆ ತಿರುಗಿದಾಗ ನನಗೆ ಕಂಡದ್ದು ಇದು. ನಮ್ಮ ಮುಂಬಾಗಿಲ ಮುಂದೆ, ನೆತ್ತಿ ಸುಡುವ ಬಿಸಿಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಕಸಬರಿಗೆ ಹಿಡಿದು ಗಂಗಕ್ಕ ನಿಂತಿದ್ದರು. ಅವರ ಕಟ್ಟೆಯ ಮೇಲೆ ಪುಟ್ಟಿ ಹಾಗೇ ಬಿದ್ದಿತ್ತು.

‘ನಿಮ್ಮ ಮಶೀನು ಒದರಾಕತ್ತಿತ್ರಿ. ಚಾವಿ ಇದ್ರ ಒಳಗ ಹೋಗಿ ನೋಡ್ತಿದ್ದೆ. ಇಲ್ಲಲ್ಲ, ಅದಕ್ಕ ಇಲ್ಲೆ ನಿಂತೆ. ಯಾಂವರ ಒಳಗಿದ್ರ ಹೊರಗ ಬರಬೇಕಲ್ರಿ,’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬಾಗಿಲು ತೆರೆಯುತ್ತ, ‘ಮುಂದಿನ ಬಾಗ್ಲ ಅಂತ ಬಂದೈತಿ ಗಂಗಕ್ಕ,’ ಎಂದೆ.

‘ಮುಂದಿನ ಬಾಗ್ಲದ ಸುದ್ದಿ ನನಗ ಗೊತ್ತಿಲ್ರಿ. ದಿನಾ ಈ ಹೊತ್ತಿಗೆ ಗಾಳಿ ಬಿಡತೈತಿ, ಮ್ಯಾಲಿನ ಬಾಗ್ಲ ಬಡಕೊಂತೈತಿ. ಅದು ಬಡಕೊಂಡ ಮ್ಯಾಲ ನಿಮ್ಮ ಮಶೀನು ಒದರತೈತಿ.’

ನಾನು ನಿಂತುಬಿಟ್ಟೆ. ‘ಇಷ್ಟ ದಿನಾ ಯಾಕ ಹೇಳಲಿಲ್ಲ?’

‘ನೀವು ಕೇಳಿದ್ದು ಮುಂದಿನ ಬಾಗ್ಲ. ದಿನಾ ಫೋನ್ ಹಚ್ಚಿ ಮುಂದಿನ ಬಾಗ್ಲ ನೋಡ್ರಿ ಅಂದ್ರಿ, ನೋಡಿದೆ. ಮ್ಯಾಲಿನ ಬಾಗ್ಲ ಕೇಳಿದ್ರೇನು?’

ಪೆಟ್ಟಿಗೆಯನ್ನು ಮೊಬೈಲಿನಿಂದ ಮತ್ತೆ ಚಾಲೂ ಮಾಡಿ ಇಬ್ಬರೂ ಮೆಟ್ಟಿಲು ಹತ್ತಿದೆವು. ಮಾಳಿಗೆಯ ತಗಡಿನ ಬಾಗಿಲಿನ ಮೇಲಿನ ಚಿಲಕ ಕಳಚಿ ಜೋತುಬಿದ್ದಿತ್ತು. ಅದನ್ನು ರಿಪೇರಿ ಮಾಡಿಸಿರೆಂದು ಸುನಂದಾ ದೀಪಾವಳಿಯಿಂದ ಹೇಳುತ್ತಿದ್ದಳು. ನಾನು ‘ನಾಳೆ’ ಎನ್ನುತ್ತಿದ್ದೆ. ಮೊದಲು ಆ ಬಾಗಿಲು ವಾರಗಟ್ಟಲೆ ಮುಚ್ಚಿಯೇ ಇರುತ್ತಿತ್ತು, ನಡೆಯಿತು. ಮೆಣಸಿನಕಾಯಿ ಒಣಹಾಕಿದ ಮೇಲೆ ದಿನಾ ತೆಗೆದು ಹಾಕಿ, ಕೆಳಗಿನ ಸಡಿಲು ಕೊಂಡಿಯೊಂದೇ ಅದನ್ನು ಹಿಡಿದಿತ್ತು. ನಾವು ನೋಡುತ್ತಿದ್ದಂತೆಯೇ ಗಾಳಿ ಬೀಸಿತು. ಬಾಗಿಲು ಒಂದು ಗೇಣು ಹಿಂದೆ ಹೋಗಿ ದಬ್ಬನೆ ಬಡಿಯಿತು. ಕೆಳಗೆ ಪೆಟ್ಟಿಗೆ ಒದರಿತು. ನನ್ನ ಒಂದು ಕೈ ಮಾಳಿಗೆಯ ಬಾಗಿಲಿನ ಮೇಲಿತ್ತು, ಇನ್ನೊಂದು ಕೈಯಲ್ಲಿದ್ದ ಮೊಬೈಲು ಹೇಳಿತು: ‘ಮುಂಬಾಗಿಲು ತೆರೆದಿದೆ.’

‘ಏನಂತೈತ್ರಿ?’ ಎಂದು ಕೇಳಿದರು ಗಂಗಕ್ಕ.

‘ಇದ ಮುಂದಿನ ಬಾಗ್ಲ ಅಂತೈತಿ.’

‘ಹಂಗಾರ ನಾ ಇಷ್ಟ ದಿನಾ ಯಾವ ಬಾಗ್ಲದ ಮುಂದ ಕುಂತ ಕಾದೆ?’ ಎಂದು ಹೇಳಿ, ಕಸಬರಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದು ಹೋದರು. ಒಂದು ಲೋಟ ನೀರು ಕುಡಿದು ಹೋಗಿರೆಂದರೂ ನಿಲ್ಲಲಿಲ್ಲ.

ಸಂಜೆ ಸುನಂದಾ ಬಂದವಳೇ, ನಾನು ಹೇಳಿದ್ದನ್ನೆಲ್ಲ ಕೇಳಿ, ಸ್ಟೂಲು ಹತ್ತಿ, ಒದ್ದೆ ಬಟ್ಟೆಯಿಂದ ಮುಂಬಾಗಿಲಿನ ತುಂಡನ್ನು ಒರೆಸಿದಳು. ಕುಂಕುಮ ಹೋಯಿತು, ವಿಭೂತಿ ಹೋಯಿತು, ಕೆಳಗೆ ಮಂಜುನಾಥನ ಅಕ್ಷರ ಕಂಡಿತು: ‘ಮ್ಯಾಲ’. ನನ್ನ ಭಕ್ತಿಯ ಅಡಿಯಲ್ಲಿ ಹತ್ತು ದಿನ ಅದು ಅಡಗಿ ಕುಳಿತಿತ್ತು. ನಾನು ನಗಲು ನೋಡಿದೆ. ಅವಳು ನಗಲಿಲ್ಲ. ಕೆಳಗಿಳಿದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಗೋಡೆಯ ಮೊಳೆ ತೋರಿಸಿದಳು. ಅಲ್ಲಿ ಕೆಂಪು ದಾರ ಕಟ್ಟಿದ ಚಾವಿ ತೂಗುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ದಾರದ ಬಣ್ಣ ಮಾಸಿ ಕಂದಾಗಿತ್ತು.

‘ನಮ್ಮ ಚಾವಿ ನೀವು ಇಸಗೊಂಡ್ರಿ. ಅವರ ಮನಿ ಚಾವಿ ಇಲ್ಲೇ ಐತಿ. ಅವರು ಕೇಳಿದ್ರೇನು?’

ಕೇಳಿರಲಿಲ್ಲ. ನಾನು ಅವರನ್ನು ಕಳ್ಳಿ ಎಂದು ಲೆಕ್ಕ ಹಾಕಿದ ದಿನವೂ ಅವರ ಮನೆ ನನ್ನ ಮೊಳೆಯ ಮೇಲೆಯೇ ಇತ್ತು. ಅದನ್ನು ನೋಡುತ್ತ ನನಗೆ ನಿಜಕ್ಕೂ ಅಳು ಬಂತು. ಮೆಣಸಿನಕಾಯಿಯ ಘಾಟು ಎಂದು ಹೇಳಿ ಕಣ್ಣು ಒರೆಸಿಕೊಂಡೆ. ಮೆಣಸಿನಕಾಯಿ ಮಾಳಿಗೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಚಾವಿ ಹಿಡಿದು ಗಂಗಕ್ಕನ ಕಟ್ಟೆಗೆ ಹೋದೆ. ‘ಬ್ಯಾಡ ಬಿಡ್ರಿ ಏಜೆಂಟ್ರ. ಮಂದಿ ಮನಿ ಚಾವಿ ಅಂದ್ರ ಒಂದು ಹೊಣಿ,’ ಎಂದು ಅವರು ತಲೆ ಎತ್ತದೆ ತೊಟ್ಟು ಮುರಿದರು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಪುಟ್ಟಿಗೆ ಕೈ ಹಾಕಿ ನಾನೂ ತೊಟ್ಟು ಬಿಡಿಸತೊಡಗಿದೆ, ಸುಮ್ಮನೆ ಕೂಡಲು ಧೈರ್ಯವಾಗಲಿಲ್ಲ. ಹತ್ತು ಮುರಿದ ಮೇಲೆ ಎಲ್ಲ ಹೇಳಿದೆ. ಅನುಮಾನ ಬಂದದ್ದು, ಗುಡ್ಡೆ ಸಣ್ಣದಾದದ್ದು, ಚಿಲಕ, ಪೂಜೆ, ಕುಂಕುಮ, ಎಲ್ಲ. ‘ನಿಮ್ಮ ಮ್ಯಾಲ ಸಂಶೆ ಮಾಡಿದೆ ಗಂಗಕ್ಕ. ತಪ್ಪಾತು,’ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚಿಕ್ಕ ಮಾತನ್ನು ಇಷ್ಟು ಕಷ್ಟಪಟ್ಟು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಗಂಗಕ್ಕ ತಮ್ಮ ಸುತ್ತ ಒಟ್ಟಿದ್ದ ಚೀಲಗಳನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ‘ನಿನ್ನ ಮೆಣಸಿನಕಾಯಿ ಕದ್ದು ನಾ ಎಲ್ಲಿ ಇಡಲೋ? ಮಲಗಾಕ ಜಾಗಾ ಇಲ್ಲ ಮನ್ಯಾಗ!’ ಎಂದವರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ನನಗೂ ನಗು ಬಂದು, ಕಣ್ಣಲ್ಲಿ ನೀರು ಬಂದು, ಮರೆತು ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಆಮೇಲಿನ ಹತ್ತು ನಿಮಿಷ ನಾನು ಓಣಿಯಲ್ಲಿ ಹಾರಾಡಿದ ರೀತಿಗೆ ನಮ್ಮ ಪೆಟ್ಟಿಗೆಯ ಕೂಗು ಏನೇನೂ ಅಲ್ಲ. ಗಂಗಕ್ಕನೇ ತಂಬಿಗೆಯಲ್ಲಿ ನೀರು ತಂದು ಎರಚಿ, ‘ಕಣ್ಣು ತಗಿಯೋ ತಮ್ಮಾ, ತಗಿ,’ ಎಂದರು. ಕಣ್ಣು ಉರಿಯುತ್ತಿದ್ದರೂ ಆ ‘ತಮ್ಮಾ’ ಕಿವಿಗೆ ತಂಪಾಗಿ ಬಿತ್ತು. ಚಾವಿ ಅವರ ಮೊಳೆಗೆ ಹೋಯಿತು. ಒಂದೇ ಕರಾರು: ಆ ವಾರದ ಪುಟ್ಟಿ ಮುಗಿಯುವ ತನಕ ದಿನಾ ಸಂಜೆ ಒಂದು ತಾಸು ನಾನು ಬಂದು ತೊಟ್ಟು ಬಿಡಿಸಬೇಕು.

ಚಿಲಕ ಆವತ್ತೇ ರಿಪೇರಿಯಾಯಿತು. ಬಡಗಿ ಬಂದು ಕಾಲು ಗಂಟೆಯಲ್ಲಿ ಮುಗಿಸಿ ಹೋದ. ತುಂಡುಗಳು ತಮ್ಮ ತಮ್ಮ ಬಾಗಿಲಿಗೆ ಮರಳಿದವು. ಮುಂದಿನ ಅಮಾವಾಸ್ಯೆಗೆ ಅವುಗಳ ಹತ್ತಿರ ಹಾಯಬಾರದೆಂದು ಸುನಂದಾ ನನಗೆ ಅಪ್ಪಣೆ ಮಾಡಿದ್ದಾಳೆ.

ನಾಲ್ಕನೆಯ ಸಂಜೆ ಕಟ್ಟೆಯ ಮೇಲೆ ನನ್ನ ಪಾಲಿನ ತೊಟ್ಟು ಮುಗಿಸಿ, ಕೈ ತೊಳೆದು, ಇನ್ನೇನು ಏಳಬೇಕು, ಸಹಾಯವಾಣಿಯಿಂದ ಫೋನು ಬಂತು. ಈ ಸಲ ಮನುಷ್ಯರಲ್ಲ, ಧ್ವನಿಮುದ್ರಿಕೆ. ನಿಮ್ಮ ಸಮಸ್ಯೆ ಬಗೆಹರಿದಿದ್ದಕ್ಕೆ ಸಂತೋಷ; ದೋಷ ಯಾವುದರಲ್ಲಿತ್ತು ಎಂದು ದಯವಿಟ್ಟು ತಿಳಿಸಿ. ಬ್ಯಾಟರಿಯಾದರೆ ಒಂದು ಒತ್ತಿ, ಬಾಗಿಲಿನ ಸೆನ್ಸರ್ ಆದರೆ ಎರಡು, ಸೈರನ್ ಆದರೆ ಮೂರು, ನೆಟ್‌ವರ್ಕ್ ಆದರೆ ನಾಲ್ಕು. ನಾನು ಕೊನೆಯವರೆಗೂ ಕಾದೆ. ಮನೆಯ ಯಜಮಾನ ಎಂಬುದಕ್ಕೆ ಅವರು ಯಾವ ಅಂಕಿಯನ್ನೂ ಇಟ್ಟಿರಲಿಲ್ಲ. ಆಚೀಚೆ ನೋಡಿ ಒಂದನ್ನು ಒತ್ತಿದೆ.

‘ಯಾರದೋ ತಮ್ಮಾ ಫೋನು?’ ಎಂದರು ಗಂಗಕ್ಕ.

‘ಕಂಪನಿಯವರದು. ತಪ್ಪು ಯಾರದಿತ್ತು ಅಂತ ಕೇಳಾಕತ್ತಿದ್ರು.’

‘ಏನಂತ ಹೇಳಿದಿ?’

‘ಬ್ಯಾಟರಿದು ಅಂತ ಹೇಳಿದೆ.’

ಗಂಗಕ್ಕ ಪಕ್ಕದಲ್ಲಿದ್ದ ಇನ್ನೊಂದು ಪುಟ್ಟಿಯನ್ನು ನನ್ನ ಮುಂದಕ್ಕೆ ಸರಿಸಿದರು.